ಇಬ್ಬರು ನಡೆಸುವ ದೋಣಿ

ನಿವೃತ್ತಿಯಾದ ಮೇಲೆ ಮನುಷ್ಯ ಏನು ಮಾಡಬೇಕೆಂಬ ಪ್ರಶ್ನೆಗೆ ನಮ್ಮ ಪೂರ್ವಿಕರು ಬಹು ಹಿಂದೆಯೇ ಉತ್ತರ ಹೇಳಿಟ್ಟಿದ್ದರು. ಸಂಸಾರದ ಹೊಣೆಯನ್ನು ಮಕ್ಕಳಿಗೆ ಒಪ್ಪಿಸಿ ಕಾಡಿಗೆ ತೆರಳುವುದು. ಪತ್ನಿಯು ಬಯಸಿದರೆ ಅವಳೂ ಜೊತೆಗೆ ಬರಬಹುದು. ಅದಕ್ಕೆ ವಾನಪ್ರಸ್ಥವೆಂದು ಹೆಸರು. ಈಗ ಕಾಡುಗಳು ಹೆಚ್ಚು ಉಳಿದಿಲ್ಲ; ಉಳಿದಿರುವ ಕಾಡುಗಳಿಗೆ ಅರಣ್ಯ ಇಲಾಖೆಯವರು ನಮ್ಮನ್ನು ಬಿಡುವುದಿಲ್ಲ. ಆದುದರಿಂದ ನಮ್ಮ ವಾನಪ್ರಸ್ಥ ಜಗಲಿಯ ಮೇಲಿನ ಕುರ್ಚಿಗೂ ದಿನಪತ್ರಿಕೆಗೂ ಸೀಮಿತವಾಗಿದೆ. ಇಂಗ್ಲೆಂಡಿನಲ್ಲಿ ಇದೇ ವಯಸ್ಸಿನ ಅನೇಕ ದಂಪತಿಗಳು ಬೇರೊಂದು ದಾರಿ ಹಿಡಿಯುತ್ತಾರೆ. ಅವರು ಕಾಡಿಗೆ ಹೋಗುವ ಬದಲು ನೀರಿಗೆ ಹೋಗುತ್ತಾರೆ. ಒಂದು ಸಣ್ಣ ದೋಣಿಯನ್ನು ಕೊಂಡು, ಇಲ್ಲವೇ ಬಾಡಿಗೆಗೆ ಪಡೆದು, ದೇಶದ ಒಳನಾಡಿನ ನಾಲೆಗಳಲ್ಲಿ ವಾರಗಟ್ಟಲೆ, ಕೆಲವರು ವರ್ಷಗಟ್ಟಲೆ, ಸಂಚರಿಸುತ್ತಾರೆ. ಅಲ್ಲಿಯ ಮಗಳ ಮನೆಯಲ್ಲಿ ಒಂದು ಬೇಸಿಗೆಯನ್ನು ಕಳೆದಾಗ ಈ ಸಂಚಾರವನ್ನು ಹತ್ತಿರದಿಂದ ನೋಡುವ ಅವಕಾಶ ನನಗೂ ನನ್ನ ಮನೆಯವರಿಗೂ ದೊರೆಯಿತು. ಆ ದೋಣಿಗಳ ವಿಚಾರವಾಗಿ, ಅವುಗಳ ಸುರಕ್ಷತೆಯ ಮತ್ತು ರಿಪೇರಿಯ ವಿಚಾರವಾಗಿ, ಕೆಲವು ಮಾತುಗಳನ್ನು ಇಲ್ಲಿ ಹೇಳಬಯಸುತ್ತೇನೆ.

ಮೊದಲು ಈ ನಾಲೆಗಳ ಚರಿತ್ರೆ. ನಮ್ಮಲ್ಲಿ ನಾಲೆಯೆಂದರೆ ಗದ್ದೆಗೆ ನೀರುಣಿಸುವಂಥದು. ಇಂಗ್ಲೆಂಡಿನ ನಾಲೆ ಸರಕು ಸಾಗಿಸಲು ತೋಡಿದ್ದು. 1761ರಲ್ಲಿ ಬ್ರಿಜ್‌ವಾಟರ್ ನಾಲೆಯ ಮೂಲಕ ವರ್ಸ್ಲಿಯ ಗಣಿಯ ಕಲ್ಲಿದ್ದಲು ಮ್ಯಾಂಚೆಸ್ಟರಿನ ಕಡೆಗೆ ಹೊರಟಿತು. ಆ ನಗರದಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕೆ ಇಳಿಯಿತು. ಅದನ್ನು ಕಟ್ಟಿದ ಜೇಮ್ಸ್ ಬ್ರಿಂಡ್ಲಿ ಮುಂದೆ ಮಧ್ಯ ಇಂಗ್ಲೆಂಡಿನ ನಾಲೆಗಳನ್ನು ಯೋಜಿಸಿದಾಗ, ಖರ್ಚನ್ನೂ ನೀರನ್ನೂ ಉಳಿಸುವ ಸಲುವಾಗಿ ಅವುಗಳ ಕಟ್ಟೆಬಾಗಿಲುಗಳನ್ನು ಕೇವಲ ಏಳು ಅಡಿ ಅಗಲಕ್ಕೆ ನಿಗದಿ ಮಾಡಿದ. ಆದ್ದರಿಂದ ಅಲ್ಲಿ ಓಡಾಡುವ ದೋಣಿ ಆರು ಅಡಿ ಹತ್ತು ಅಂಗುಲಕ್ಕಿಂತ ಅಗಲವಿರುವಂತಿಲ್ಲ. ಉದ್ದ ಮಾತ್ರ ಎಪ್ಪತ್ತೆರಡು ಅಡಿಯವರೆಗೆ ಇರಬಹುದು. ರೈಲಿನ ಒಂದು ಬೋಗಿಯನ್ನು ಇನ್ನಷ್ಟು ಸಪೂರ ಮಾಡಿ ನೀರಿನ ಮೇಲೆ ಇಟ್ಟರೆ ಹೇಗಿರುತ್ತದೆಯೋ ಹಾಗೆ. ಅದಕ್ಕೆ ನ್ಯಾರೋಬೋಟ್ ಎಂದು ಹೆಸರು.

ರೈಲು ಬಂದ ಮೇಲೆ ನಾಲೆಗಳ ಕಾಲ ಮುಗಿಯುತ್ತ ಬಂತು. 1948ರಲ್ಲಿ ಅವು ಸರ್ಕಾರದ ಸ್ವತ್ತಾದವು. 1962-63ರ ಭೀಕರ ಚಳಿಗಾಲದಲ್ಲಿ ವಾರಗಟ್ಟಲೆ ನೀರು ಹೆಪ್ಪುಗಟ್ಟಿ, ಅಳಿದುಳಿದ ಸರಕು ಸಾಗಣೆಯೂ ಬಹುಮಟ್ಟಿಗೆ ನಿಂತುಹೋಯಿತು. ಅಷ್ಟರಲ್ಲಿ ಇನ್ನೊಂದು ಬಗೆಯ ಜನ ನಾಲೆಯ ಕಡೆಗೆ ತಿರುಗಿದ್ದರು. ಎಲ್. ಟಿ. ಸಿ. ರೋಲ್ಟ್ ಎಂಬ ಎಂಜಿನಿಯರು ತಮ್ಮ ದೋಣಿಯ ಬಾಳನ್ನು ಕುರಿತು 1944ರಲ್ಲಿ ‘ನ್ಯಾರೋ ಬೋಟ್’ ಎಂಬ ಪುಸ್ತಕ ಬರೆದರು. 1946ರಲ್ಲಿ ನಾಲೆಗಳ ರಕ್ಷಣೆಗಾಗಿ ಒಂದು ಸಂಘ ಹುಟ್ಟಿತು. ಇಂದು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು ಎರಡು ಸಾವಿರ ಮೈಲಿಗಳ ಜಲಮಾರ್ಗವನ್ನು 2012ರಲ್ಲಿ ಸ್ಥಾಪಿತವಾದ ಒಂದು ಧರ್ಮದತ್ತಿ ಸಂಸ್ಥೆ ನೋಡಿಕೊಳ್ಳುತ್ತಿದೆ. ಕಲ್ಲಿದ್ದಲಿನ ಜಾಗದಲ್ಲಿ ಈಗ ಪಿಂಚಣಿದಾರರು ಪ್ರಯಾಣ ಮಾಡುತ್ತಾರೆ.

ಈ ಸಂಚಾರ ಸುರಕ್ಷಿತವೇ ಎಂದು ಕೇಳಿದರೆ, ಬಹುಮಟ್ಟಿಗೆ ಹೌದೆನ್ನಬೇಕು. ಸಮುದ್ರದ ಅಲೆಯಿಲ್ಲ, ಹೊಳೆಯ ಸೆಳವಿಲ್ಲ. ಅನೇಕ ಕಡೆ ನೀರು ಎದೆಮಟ್ಟ ಮಾತ್ರ. ಬಿದ್ದವನು ಈಜುವುದಕ್ಕೆ ಮೊದಲು ಎದ್ದು ನಿಲ್ಲಲು ಪ್ರಯತ್ನಿಸುವುದು ಜಾಣತನ. ವೇಗಕ್ಕೆ ಕಟ್ಟಾಜ್ಞೆಯುಂಟು: ಗಂಟೆಗೆ ನಾಲ್ಕು ಮೈಲಿ ಮೀರುವಂತಿಲ್ಲ. ದಡದಲ್ಲಿ ನಡೆಯುವವನು ದೋಣಿಯವನೊಡನೆ ಮಾತನಾಡುತ್ತ ಸಾಗಬಹುದು. ಅವಸರವೇ ಅಪಘಾತಕ್ಕೆ ಕಾರಣವೆಂದು ನಮ್ಮ ಹೆದ್ದಾರಿಗಳಲ್ಲಿ ಫಲಕ ಹಾಕುತ್ತಾರೆ. ಅಲ್ಲಿ ಅವಸರಕ್ಕೆ ಅವಕಾಶವೇ ಇಲ್ಲ. ಆದರೂ ಒಂದು ಮಾತನ್ನು ಮರೆಯಬಾರದು. ಐವತ್ತೇಳು ಅಡಿಯ ಉಕ್ಕಿನ ದೋಣಿಯ ತೂಕ ಹದಿನೈದು ಟನ್ನಿಗೆ ಕಡಿಮೆಯಿರುವುದಿಲ್ಲ. ಅದು ನಿಧಾನವಾಗಿ ಬಂದರೂ, ಗೋಡೆಗೂ ದೋಣಿಗೂ ನಡುವೆ ಸಿಕ್ಕಿದ ಕಾಲನ್ನು ಗುರುತಿಸುವುದಿಲ್ಲ. ಆದುದರಿಂದ ಮೊದಲನೆಯ ನಿಯಮ: ದೋಣಿಯನ್ನು ಕೈಯಿಂದಾಗಲಿ ಕಾಲಿನಿಂದಾಗಲಿ ತಡೆಯಲು ಹೋಗಬಾರದು. ಬಣ್ಣ ಕೆತ್ತಿಹೋದರೆ ಮತ್ತೆ ಬಳಿಯಬಹುದು. ಎರಡನೆಯ ನಿಯಮ: ದಡಕ್ಕೆ ಹಾರಬಾರದು, ದೋಣಿ ದಡಕ್ಕೆ ತಾಕಿದ ಮೇಲೆ ಹೆಜ್ಜೆಯಿಟ್ಟು ಇಳಿಯಬೇಕು. ಅರವತ್ತು ದಾಟಿದ ಮೊಣಕಾಲು ಈ ನಿಯಮವನ್ನು ಸುಲಭವಾಗಿಯೇ ಒಪ್ಪಿಕೊಳ್ಳುತ್ತದೆ.

ನಿಜವಾದ ಎಚ್ಚರ ಬೇಕಾದ ಸ್ಥಳವೆಂದರೆ ಲಾಕ್. ನಾಲೆ ಬೆಟ್ಟವನ್ನು ಏರಬೇಕಾದಾಗ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಂದೊಂದು ಮೆಟ್ಟಿಲೂ ಒಂದು ಲಾಕ್. ಕಲ್ಲಿನಿಂದಲೋ ಇಟ್ಟಿಗೆಯಿಂದಲೋ ಕಟ್ಟಿದ ಉದ್ದನೆಯ ತೊಟ್ಟಿಯೊಂದನ್ನು ಕಲ್ಪಿಸಿಕೊಳ್ಳಿ. ಅದರ ಎರಡು ತುದಿಗೂ ಭಾರಿ ಬಾಗಿಲುಗಳು, ಬಾಗಿಲುಗಳ ಬಳಿ ನೀರು ಹರಿಯಲು ತೂಬುಗಳು. ದೋಣಿ ಕೆಳಗಿಳಿಯಬೇಕೆನ್ನಿ. ತೊಟ್ಟಿ ತುಂಬಿರುವಾಗ ದೋಣಿ ಒಳಗೆ ಬರುತ್ತದೆ. ಹಿಂದಿನ ಬಾಗಿಲನ್ನೂ ತೂಬನ್ನೂ ಮುಚ್ಚಿ, ಮುಂದಿನ ತೂಬನ್ನು ಎತ್ತುತ್ತಾರೆ. ನೀರು ಇಳಿದಂತೆ ದೋಣಿಯೂ ಇಳಿಯುತ್ತದೆ. ಒಳಗಿನ ಮಟ್ಟವೂ ಹೊರಗಿನ ಮಟ್ಟವೂ ಒಂದಾಗುವವರೆಗೆ ಬಾಗಿಲು ಎಂಥ ಬಲಶಾಲಿಗೂ ಜಗ್ಗುವುದಿಲ್ಲ. ಒಂದಾದ ಮೇಲೆ ಬೆನ್ನಾನಿಸಿ ತಳ್ಳಿದರೆ ಸಾಕು. ಒಂದು ಸಲಕ್ಕೆ ಸುಮಾರು ಒಂದು ಲಕ್ಷ ಲೀಟರು ನೀರು ಕೆಳಗೆ ಹೋಗುತ್ತದೆ. ಟಾರ್ಡ್‌ಬಿಗ್ ಎಂಬಲ್ಲಿ ಇಂತಹ ಮೂವತ್ತು ಲಾಕ್‌ಗಳು ಸಾಲಾಗಿ ಬರುತ್ತವೆ. ಒಬ್ಬರು ಚುಕ್ಕಾಣಿಯಲ್ಲಿರಬೇಕು, ಇನ್ನೊಬ್ಬರು ದಡದಲ್ಲಿ ತೂಬನ್ನೂ ಬಾಗಿಲನ್ನೂ ನೋಡಿಕೊಳ್ಳಬೇಕು.

ಮೇಲಿನ ಬಾಗಿಲಿನ ಕೆಳಗೆ, ತೊಟ್ಟಿಯೊಳಗೆ ಚಾಚಿಕೊಂಡಿರುವ ಒಂದು ಹೊಸ್ತಿಲುಂಟು. ತೊಟ್ಟಿ ತುಂಬಿರುವಾಗ ಅದು ಕಾಣುವುದಿಲ್ಲ. ದೋಣಿ ಹಿಂದಕ್ಕೆ ಸರಿದು ಅದರ ಮೇಲೆ ಹಿಂಭಾಗ ಕುಳಿತುಬಿಟ್ಟರೆ, ನೀರು ಇಳಿದಂತೆ ಮುಂಭಾಗ ಕೆಳಗೆ ಹೋಗುತ್ತದೆ, ಹಿಂಭಾಗ ಮೇಲೆಯೇ ಉಳಿಯುತ್ತದೆ. ಕೆಲವೇ ನಿಮಿಷಗಳಲ್ಲಿ ದೋಣಿ ಮುಳುಗಬಹುದು. ಆದ್ದರಿಂದ ಹೊಸ್ತಿಲಿನ ಗಡಿಯನ್ನು ದಡದ ಮೇಲೆ ಬಿಳಿಯ ಗೆರೆಯಿಂದ ಗುರುತು ಮಾಡಿರುತ್ತಾರೆ. ಆ ಗೆರೆಗಿಂತ ಸಾಕಷ್ಟು ಮುಂದೆ ನಿಲ್ಲುವುದೇ ಕ್ಷೇಮ. ಇಳಿಯುವಾಗ ಹಗ್ಗವನ್ನು ದಡದ ಗೂಟಕ್ಕೆ ಬಿಗಿದು ಕಟ್ಟಲೂಬಾರದು; ನೀರು ಇಳಿದರೆ ದೋಣಿ ನೇತಾಡುತ್ತದೆ. ಏನಾದರೂ ತೊಡಕು ಕಂಡರೆ ಮೊದಲು ಮಾಡಬೇಕಾದ ಕೆಲಸ ಒಂದೇ: ತೂಬನ್ನು ಮುಚ್ಚಿ ನೀರನ್ನು ನಿಲ್ಲಿಸುವುದು. ದೋಣಿ ಹೊಸ್ತಿಲಿಗೆ ಸಿಕ್ಕಿದ್ದರೆ ಅನಂತರ ಮೇಲಿನ ತೂಬನ್ನು ಮೆಲ್ಲಗೆ ತೆರೆದು ತೊಟ್ಟಿಯನ್ನು ಮತ್ತೆ ತುಂಬಿಸಬೇಕು. ತೂಬಿನ ಬಳಿ ನಿಂತವರ ಕಣ್ಣು ಸದಾ ದೋಣಿಯ ಮೇಲಿರಬೇಕು; ದಾರಿಹೋಕರೊಡನೆ ಹರಟೆಯನ್ನು ದೋಣಿ ಹೊರಬಿದ್ದ ಮೇಲೆ ಇಟ್ಟುಕೊಳ್ಳಬಹುದು. ತೂಬನ್ನು ಎತ್ತುವ ವಿಂಡ್‌ಲಾಸ್ ಎಂಬ ಕಬ್ಬಿಣದ ಹಿಡಿಕೆಯನ್ನು ತೂಬಿನ ಯಂತ್ರದಲ್ಲಿಯೇ ಬಿಟ್ಟು ಹೋಗಬಾರದು. ಹಲ್ಲು ಜಾರಿದರೆ ಅದು ಗಿರ್ರನೆ ತಿರುಗಿ ಮುಖಕ್ಕೆ ಬಡಿಯುತ್ತದೆ.

ಇನ್ನು ರಿಪೇರಿಯ ಮಾತು. ನಡುದಾರಿಯಲ್ಲಿ ದೋಣಿ ಕೆಟ್ಟರೆ ಮೆಕ್ಯಾನಿಕ್ ಬರುವುದಕ್ಕೆ ಅರ್ಧ ದಿನವೂ ಆಗಬಹುದು. ಹಾಗೆಂದು ದಂಪತಿಗಳು ಎಂಜಿನಿಯರುಗಳಾಗಬೇಕಾಗಿಲ್ಲ. ಪ್ರತಿ ಬೆಳಿಗ್ಗೆ ಕಾಫಿಗೆ ಮುಂಚೆ ಹತ್ತು ನಿಮಿಷ ಎಂಜಿನ್ನಿನ ಮುಂದೆ ಕಳೆದರೆ ಬಹುಪಾಲು ರಿಪೇರಿಗಳು ಹುಟ್ಟುವುದೇ ಇಲ್ಲ. ಎಣ್ಣೆಯ ಕಡ್ಡಿಯನ್ನು ತೆಗೆದು ಮಟ್ಟ ನೋಡಬೇಕು. ಎಂಜಿನ್ನನ್ನು ತಂಪುಮಾಡುವ ನೀರಿನ ಮಟ್ಟ ನೋಡಬೇಕು. ಬಹುಪಾಲು ನ್ಯಾರೋಬೋಟುಗಳಲ್ಲಿ ಕಾರಿನಂತೆ ರೇಡಿಯೇಟರ್ ಇರುವುದಿಲ್ಲ. ದೋಣಿಯ ಪಕ್ಕದ ಉಕ್ಕಿಗೆ ಒಳಗಿನಿಂದ ಬೆಸೆದ ತೆಳುವಾದ ತೊಟ್ಟಿಯೊಂದರಲ್ಲಿ ಈ ನೀರು ಹರಿದು, ಆಚೆಯಿರುವ ನಾಲೆಯ ನೀರಿಗೆ ತನ್ನ ಬಿಸಿಯನ್ನು ಒಪ್ಪಿಸಿ ಬರುತ್ತದೆ. ಫ್ಯಾನ್ ಬೆಲ್ಟನ್ನು ಬೆರಳಿನಿಂದ ಒತ್ತಿ, ಸಡಿಲವಾಗಿದೆಯೇ ಬಿರುಕುಬಿಟ್ಟಿದೆಯೇ ಎಂದು ನೋಡಬೇಕು. ಅದು ತುಂಡಾದರೆ ಬ್ಯಾಟರಿಗೆ ವಿದ್ಯುತ್ತು ತುಂಬುವುದು ನಿಲ್ಲುತ್ತದೆ. ಆದ್ದರಿಂದ ಅದೇ ಅಳತೆಯ ಇನ್ನೊಂದು ಬೆಲ್ಟ್ ದೋಣಿಯಲ್ಲಿರಲೇಬೇಕು.

ದೋಣಿಯ ಹಿಂದಿನ ಪ್ರೊಪೆಲರನ್ನು ತಿರುಗಿಸುವ ದಂಡ ಒಳಗಿನಿಂದ ಹೊರಗೆ ಹೋಗುವ ಕಡೆ ಒಂದು ಗ್ಲ್ಯಾಂಡ್ ಇರುತ್ತದೆ. ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಂಪ್‌ಸೆಟ್ಟಿನ ಗ್ಲ್ಯಾಂಡಿಗೆ ಹಗ್ಗ ಸುತ್ತಿ ನೀರು ಸೋರದಂತೆ ಮಾಡುವುದು ಅವರಿಗೆ ಗೊತ್ತು. ಅದೇ ತತ್ತ್ವ ಇಲ್ಲಿಯೂ. ದಿನದ ಪ್ರಯಾಣ ಮುಗಿದ ಮೇಲೆ ಗ್ರೀಸಿನ ತಿರುಪನ್ನು ಬಿಗಿಯೆನಿಸುವವರೆಗೆ ಸ್ವಲ್ಪ ತಿರುಗಿಸಿದರೆ ತೊಟ್ಟಿಕ್ಕುವುದು ನಿಲ್ಲುತ್ತದೆ. ಅದಕ್ಕೂ ನಿಲ್ಲದಿದ್ದರೆ ಎರಡು ನಟ್ಟುಗಳನ್ನು ಸಮಸಮವಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಅತಿಯಾಗಿ ಬಿಗಿದರೆ ದಂಡ ಕಾದು ಸವೆಯುತ್ತದೆ. ಈ ಹನಿಯನ್ನು ಅಸಡ್ಡೆ ಮಾಡಿದರೆ ನೀರು ತಳದಲ್ಲಿ ಸೇರುತ್ತದೆ. ಪಂಪು ಅದನ್ನು ಹೊರಹಾಕುತ್ತಲೇ ಬ್ಯಾಟರಿಯನ್ನು ಬರಿದುಮಾಡುತ್ತದೆ. ಬ್ಯಾಟರಿ ಬರಿದಾದ ಮೇಲೆ ಪಂಪು ನಿಲ್ಲುತ್ತದೆ, ಹನಿ ನಿಲ್ಲುವುದಿಲ್ಲ. ಯಾರೂ ಇಲ್ಲದಾಗ ಕಟ್ಟಿದ ಜಾಗದಲ್ಲಿಯೇ ದೋಣಿ ಮುಳುಗುವ ಬಗೆಗಳಲ್ಲಿ ಇದೂ ಒಂದು.

ಪ್ರೊಪೆಲರಿಗೆ ಹಗ್ಗವೋ ಪ್ಲಾಸ್ಟಿಕ್ ಚೀಲವೋ ಹಳೆಯ ಬಟ್ಟೆಯೋ ಸುತ್ತಿಕೊಳ್ಳುವುದು ಪದೇ ಪದೇ ಆಗುವ ತೊಂದರೆ. ನಾಲೆಗೆ ಎಸೆಯುವ ವಸ್ತುಗಳಿಗೆ ಮಿತಿಯಿಲ್ಲ. ಭಾರತೀಯರು ಹೆಚ್ಚಾಗಿ ನೆಲೆಸಿರುವ ಲಂಡನ್ನಿನ ಸೌತಾಲ್ ಬಳಿ ಪೂಜೆಯ ತೆಂಗಿನಕಾಯಿಗಳೂ ತೇಲುವುದುಂಟು. ಸುತ್ತಿದ್ದನ್ನು ಬಿಡಿಸಲು ದೋಣಿಯೊಳಗಿನಿಂದಲೇ ಕೈಹಾಕುವಂತೆ ಪ್ರೊಪೆಲರಿನ ಮೇಲೆ ಒಂದು ಬಾವಿಬಾಯಿಯನ್ನು ಮಾಡಿ ಮುಚ್ಚಳ ಹಾಕಿರುತ್ತಾರೆ. ಅಲ್ಲಿ ಕೈಹಾಕುವ ಮುನ್ನ ಎಂಜಿನ್ನನ್ನು ನಿಲ್ಲಿಸಿ, ಕೀಲಿಯನ್ನು ತೆಗೆದು, ಕೈಹಾಕುವವರ ಜೇಬಿನಲ್ಲಿಯೇ ಇಟ್ಟುಕೊಳ್ಳಬೇಕು. ಹೆಂಡತಿಯ ಕೈಯಲ್ಲಿ ಕೊಡುವುದೂ ಬೇಡ, ಗಂಡನನ್ನು ನಂಬುವುದೂ ಬೇಡ. ಅದು ಪ್ರೀತಿಯ ಪ್ರಶ್ನೆಯಲ್ಲ, ಬೆರಳುಗಳ ಪ್ರಶ್ನೆ. ಕೆಲಸವಾದ ಮೇಲೆ ಮುಚ್ಚಳವನ್ನು ಭದ್ರವಾಗಿ ಬಿಗಿಯಬೇಕು. ಸಡಿಲ ಮುಚ್ಚಳದ ಮೂಲಕ ಪ್ರೊಪೆಲರ್ ನೀರನ್ನು ಒಳಕ್ಕೆ ಎರಚಿ ದೋಣಿಯನ್ನೇ ಮುಳುಗಿಸಬಲ್ಲದು. ಅನಂತರ ಸೋಪು ಹಚ್ಚಿ ಕೈ ತೊಳೆಯಬೇಕು. ಕೈಯಲ್ಲಿ ಗಾಯವಿದ್ದರೆ ಮೊದಲೇ ಮುಚ್ಚಿಕೊಳ್ಳಬೇಕು. ನಮ್ಮ ಕರಾವಳಿ, ಮಲೆನಾಡುಗಳ ಗದ್ದೆಗಳಲ್ಲಿ ಬರುವ ಇಲಿಜ್ವರ ಆ ತಂಪುದೇಶದ ನಾಲೆಗಳಲ್ಲಿಯೂ ಉಂಟು.

ದೋಣಿಯ ಮೈಯೂ ಆರೈಕೆ ಬೇಡುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ನೀರಿನಿಂದ ಮೇಲೆತ್ತಿ ತಳಕ್ಕೆ ಡಾಂಬರಿನಂತಹ ಕಪ್ಪು ಲೇಪವನ್ನು ಬಳಿಯಬೇಕು. ಉಕ್ಕಿನ ಬದಲು ತಾನು ಸವೆಯಲೆಂದು ಮೆಗ್ನೀಸಿಯಮ್ ಲೋಹದ ಗಟ್ಟಿಗಳನ್ನು ದೋಣಿಯ ಮೈಗೆ ಕೂಡಿಸಿರುತ್ತಾರೆ. ಅವು ಕರಗುತ್ತಿದ್ದರೆ ಸಂತೋಷಪಡಬೇಕು. ಹೊಸದಾಗಿಯೇ ಉಳಿದಿದ್ದರೆ ಅವು ತಮ್ಮ ಕೆಲಸ ಮಾಡುತ್ತಿವೆಯೇ ಎಂದು ವಿಚಾರಿಸಬೇಕು.

ಕಣ್ಣಿಗೆ ಕಾಣದ ಎರಡು ಅಪಾಯಗಳನ್ನು ಪ್ರತ್ಯೇಕವಾಗಿ ಹೇಳಬೇಕು. ಅಡುಗೆಯ ಗ್ಯಾಸು ಗಾಳಿಗಿಂತ ಭಾರ. ಮನೆಯಲ್ಲಿ ಅದು ಬಾಗಿಲಿನ ಸಂದಿಯಿಂದ ಹೊರಗೆ ಹರಿದುಹೋಗಬಹುದು. ದೋಣಿಗೆ ಬಾಗಿಲಿನ ಮಟ್ಟದ ನೆಲವಿಲ್ಲ, ಅದೊಂದು ಬಟ್ಟಲು. ಸೋರಿದ ಗ್ಯಾಸು ಬಟ್ಟಲಿನ ತಳದಲ್ಲಿ ನಿಂತು ಒಂದು ಕಿಡಿಗಾಗಿ ಕಾಯುತ್ತದೆ. ಅದಕ್ಕಾಗಿ ಸಿಲಿಂಡರನ್ನು ಹೊರಕ್ಕೆ ತೂತಿರುವ ಬೇರೆಯೇ ಗೂಡಿನಲ್ಲಿಡುತ್ತಾರೆ. ಎರಡನೆಯದು ಕಾರ್ಬನ್ ಮಾನಾಕ್ಸೈಡ್. ಚಳಿಯೆಂದು ಕಿಟಕಿ, ಗಾಳಿಗಂಡಿಗಳನ್ನೆಲ್ಲ ಮುಚ್ಚಿ ಇದ್ದಲಿನ ಒಲೆ ಹಚ್ಚಿ ಮಲಗಿದವರು ಬೆಳಿಗ್ಗೆ ಏಳದಿರುವ ಸಂಭವವಿದೆ; ಆ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ವಾಸದ ದೋಣಿಗಳಲ್ಲಿ ಇದನ್ನು ಪತ್ತೆಹಚ್ಚಿ ಕೂಗುವ ಉಪಕರಣ ಇರಬೇಕೆಂದು 2019ರಿಂದ ಅಲ್ಲಿಯ ದೋಣಿ ಸುರಕ್ಷತಾ ನಿಯಮಗಳಲ್ಲಿ ಸೇರಿಸಿದ್ದಾರೆ. ಆ ಪರೀಕ್ಷೆ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಪ್ರಮಾಣಪತ್ರವಿಲ್ಲದೆ ಪರವಾನಗಿ ಸಿಗುವುದಿಲ್ಲ.

ದೋಣಿಯಲ್ಲಿರಬೇಕಾದ ಸಾಮಾನು ದೊಡ್ಡದೇನಲ್ಲ: ಸ್ಪ್ಯಾನರುಗಳು, ಸ್ಕ್ರೂ ಡ್ರೈವರು, ಗ್ರೀಸು, ಹರಿತವಾದ ಚಾಕು, ಟಾರ್ಚು, ಡೀಸೆಲ್ ಫಿಲ್ಟರು, ಬೆಲ್ಟು. ವಿಂಡ್‌ಲಾಸ್ ಮಾತ್ರ ಎರಡಿರಬೇಕು, ಏಕೆಂದರೆ ಒಂದು ನೀರಿಗೆ ಬೀಳುವುದು ಖಂಡಿತ. ಬಿದ್ದದ್ದನ್ನು ಎತ್ತಲು ಹಗ್ಗದ ತುದಿಗೆ ಅಯಸ್ಕಾಂತವನ್ನು ಕಟ್ಟಿ ಇಟ್ಟುಕೊಂಡಿರುತ್ತಾರೆ. ವಯಸ್ಸಾದವರು ಹಗುರವೆಂದು ಅಲ್ಯೂಮಿನಿಯಮ್ಮಿನ ವಿಂಡ್‌ಲಾಸ್ ಕೊಳ್ಳುವುದುಂಟು. ಅದು ಕೈಗೆ ಹಗುರ ನಿಜ, ಆದರೆ ಅಯಸ್ಕಾಂತದ ಕರೆಗೆ ಓಗೊಡುವುದಿಲ್ಲ.

ಇಷ್ಟನ್ನೂ ಹೇಳಿದ ಮೇಲೆ ಮುಖ್ಯವಾದ ಮಾತು ಇನ್ನೂ ಉಳಿದಿದೆ. ಈ ದೋಣಿಗಳ ಮೇಲೆ ಸಾಮಾನ್ಯವಾಗಿ ಕಾಣುವ ದೃಶ್ಯವೆಂದರೆ, ಗಂಡ ಚುಕ್ಕಾಣಿ ಹಿಡಿದು ಗಾಂಭೀರ್ಯದಿಂದ ನಿಂತಿರುವುದು, ಹೆಂಡತಿ ದಡದಲ್ಲಿ ಭಾರಿ ಬಾಗಿಲುಗಳನ್ನು ತಳ್ಳುತ್ತಿರುವುದು. ಕೆಲಸ ಹಂಚಿಕೊಳ್ಳುವುದು ಒಳ್ಳೆಯದೇ. ಆದರೆ ಚುಕ್ಕಾಣಿಯಲ್ಲಿದ್ದವನಿಗೇ ಎದೆನೋವು ಬಂದರೆ? ಅವನೇ ಹಿಂಭಾಗದಿಂದ ನೀರಿಗೆ ಬಿದ್ದರೆ? ಆಗ ಇನ್ನೊಬ್ಬರು ಒಂದು ಕ್ಷಣವೂ ಯೋಚಿಸದೆ ಎಂಜಿನ್ನನ್ನು ನಿಲ್ಲಿಸಬೇಕು. ಬಿದ್ದವನ ಬಳಿಗೆ ಹೋಗುವ ಆತುರದಲ್ಲಿ ದೋಣಿಯನ್ನು ಹಿಂದಕ್ಕೆ ನಡೆಸಿದರೆ, ತಿರುಗುವ ಪ್ರೊಪೆಲರನ್ನು ಅವನ ಕಡೆಗೆ ಒಯ್ದಂತಾಗುತ್ತದೆ. ಎಂಜಿನ್ ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ಒಬ್ಬರಿಗೆ ಮಾತ್ರ ಗೊತ್ತಿದ್ದು ಆ ಒಬ್ಬರೇ ನೀರಿನಲ್ಲಿದ್ದರೆ, ಉಳಿದ ಸುರಕ್ಷತಾ ಸಾಮಗ್ರಿಗಳಿಗೆ ಏನು ಬೆಲೆ? ಆದ್ದರಿಂದ ತಿಳಿದ ದಂಪತಿಗಳು ದಿನ ಬಿಟ್ಟು ದಿನ ಕೆಲಸವನ್ನು ಬದಲಾಯಿಸಿಕೊಳ್ಳುತ್ತಾರೆ. ನಾನು ಕಂಡ ಒಂದು ಜೋಡಿಯಲ್ಲಿ ಎಪ್ಪತ್ತು ದಾಟಿದ ಹೆಂಗಸು ಚುಕ್ಕಾಣಿ ಹಿಡಿದು, ಅಷ್ಟುದ್ದದ ದೋಣಿಯನ್ನು ಏಳಡಿಯ ಬಾಯಿಯೊಳಗೆ ಸೂಜಿಗೆ ದಾರ ಪೋಣಿಸುವಂತೆ ಸೇರಿಸಿಬಿಟ್ಟರು. ಗಂಡ ದಡದಲ್ಲಿ ತೂಬು ಎತ್ತುತ್ತಿದ್ದ. ನಾಳೆ ಅವನ ಸರದಿಯಂತೆ.

ಇದು ಹೆಂಗಸರಿಗೆ ಆಗದ ಕೆಲಸವೆಂಬ ಭ್ರಮೆಯನ್ನು ಎರಡನೆಯ ಮಹಾಯುದ್ಧವೇ ಕಳೆದಿತ್ತು. ಗಂಡಸರು ಯುದ್ಧಕ್ಕೆ ಹೋದಾಗ, ನಾಲೆಯನ್ನೇ ಕಾಣದ ಪಟ್ಟಣದ ಹೆಣ್ಣುಮಕ್ಕಳು ತರಬೇತಿ ಪಡೆದು, ಮೂರು ಮೂರು ಜನರಂತೆ ಒಂದೊಂದು ಜೋಡಿದೋಣಿಯನ್ನು ನಡೆಸಿ, ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮಿಗೆ ಲೋಹವನ್ನೂ, ಕಾವೆಂಟ್ರಿಯ ಕಡೆಯಿಂದ ಹಿಂದಕ್ಕೆ ಕಲ್ಲಿದ್ದಲನ್ನೂ ಸಾಗಿಸಿದರು.

ವೃದ್ಧ ದಂಪತಿಗಳ ದೋಣಿಸಂಚಾರವನ್ನು ಇಡೀ ದೇಶಕ್ಕೆ ತೋರಿಸಿದವರು ಟಿಮೊತಿ ವೆಸ್ಟ್ ಮತ್ತು ಪ್ರುನೆಲ್ಲಾ ಸ್ಕೇಲ್ಸ್ ಎಂಬ ನಟ ದಂಪತಿಗಳು. 1963ರಲ್ಲಿ ಮದುವೆಯಾದ ಇವರು ದಶಕಗಳ ಕಾಲ ನಾಲೆಗಳಲ್ಲಿ ಸಂಚರಿಸಿದ್ದರು. 2014ರಲ್ಲಿ ಇವರ ಪ್ರವಾಸಗಳ ದೂರದರ್ಶನ ಮಾಲಿಕೆ ಆರಂಭವಾದಾಗ ಇಬ್ಬರೂ ಎಂಬತ್ತರ ಆಸುಪಾಸಿನವರು. ಅಷ್ಟು ಹೊತ್ತಿಗೆ ಪ್ರುನೆಲ್ಲಾ ಅವರ ನೆನಪು ಮಾಸತೊಡಗಿತ್ತು. ಮರೆವಿನ ಆ ಕಾಯಿಲೆಯನ್ನು ಅವರು ಮುಚ್ಚಿಡಲಿಲ್ಲ. ಗಂಡ ಚುಕ್ಕಾಣಿ ಹಿಡಿದಿರುವುದೂ, ಹೆಂಡತಿ ಲಾಕಿನ ಬಾಗಿಲಿಗೆ ಬೆನ್ನುಕೊಟ್ಟು ತಳ್ಳುವುದೂ ಲಕ್ಷಾಂತರ ಮನೆಗಳಲ್ಲಿ ಕಂಡಿತು. ಹಿಂದಿನ ದಿನದ್ದನ್ನು ಮರೆತವರಿಗೂ ಎದುರಿಗಿರುವ ಮರ, ಹಕ್ಕಿ, ನೀರು ಇದ್ದೇ ಇರುತ್ತವಷ್ಟೆ; ನಾಲ್ಕು ಮೈಲಿಯ ವೇಗ ಅವುಗಳನ್ನು ನೋಡುವುದಕ್ಕೆ ತಕ್ಕಷ್ಟು ಹೊತ್ತು ಕೊಡುತ್ತದೆ. 2019ರ ಹೊತ್ತಿಗೆ ಅವರು ಮಾಲಿಕೆಯಿಂದ ಬಿಡುವು ಪಡೆದರು. ಟಿಮೊತಿ 2024ರಲ್ಲಿ, ಪ್ರುನೆಲ್ಲಾ 2025ರಲ್ಲಿ ತೀರಿಕೊಂಡರು.

ಮಗಳ ಮನೆಯಲ್ಲಿ ಈ ಸಂಗತಿಗಳನ್ನು ಮಾತನಾಡುತ್ತಿದ್ದಾಗ ನನ್ನ ಮನೆಯವರು ಕೇಳಿದ ಪ್ರಶ್ನೆ ನನ್ನ ಮನಸ್ಸಿನಲ್ಲಿ ನಿಂತಿದೆ. “ನಮ್ಮ ಬೀದಿಯಲ್ಲಿ ಎಷ್ಟು ಜನ ಯಜಮಾನರಿಗೆ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ತೆಗೆಯೋದು ಗೊತ್ತು ಹೇಳಿ? ಎಷ್ಟು ಜನ ಹೆಂಗಸರಿಗೆ ಮನೆಯವರ ಪಿಂಚಣಿ ಯಾವ ಬ್ಯಾಂಕಿಗೆ ಬರುತ್ತೆ ಅಂತ ಗೊತ್ತು?” ಅದಕ್ಕೆ ಉತ್ತರ ಕೊಡುವುದು ಸುಲಭವಲ್ಲ. ನಮ್ಮ ಸಂಸಾರಗಳಲ್ಲಿ ಕೆಲಸದ ಹಂಚಿಕೆ ನಲವತ್ತು ವರ್ಷ ಸೊಗಸಾಗಿ ನಡೆದು, ಒಂದು ಬೆಳಿಗ್ಗೆ ಒಬ್ಬರು ಆಸ್ಪತ್ರೆ ಸೇರಿದಾಗ ಥಟ್ಟನೆ ಮುರಿದುಬೀಳುತ್ತದೆ. ಅನ್ನ ಮಾಡಲು ತಿಳಿಯದ ವಿಧುರರನ್ನೂ, ಉಳಿತಾಯದ ಪುಸ್ತಕ ಎಲ್ಲಿದೆಯೆಂದು ತಿಳಿಯದ ವಿಧವೆಯರನ್ನೂ ನಾವೆಲ್ಲರೂ ಕಂಡಿದ್ದೇವೆ. ಅವರ ದುಃಖದ ಮೇಲೆ ಈ ಅಸಹಾಯಕತೆಯ ಭಾರವೂ ಬೀಳುವುದು ಅನಿವಾರ್ಯವೇನೂ ಅಲ್ಲ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ನಮ್ಮಲ್ಲಿ ಗಾದೆಯುಂಟು. ಮುಪ್ಪಿನ ಹೊಳೆಗೆ ಬೇರೆ ಅಂಬಿಗನಿಲ್ಲ, ಪ್ರಯಾಣಿಕರೇ ಅಂಬಿಗರು. ಇಂಗ್ಲೆಂಡಿನ ನಾಲೆಯಲ್ಲಿ ದೋಣಿ ನಡೆಸುವ ಯೋಗ ನಮ್ಮಲ್ಲಿ ಎಲ್ಲರಿಗೂ ಬರಲಾರದು, ಬರಬೇಕಾಗಿಯೂ ಇಲ್ಲ. ಆದರೆ ಆ ದೋಣಿಯ ಪಾಠಕ್ಕೆ ನೀರು ಬೇಡ. ವಾರಕ್ಕೊಂದು ದಿನ ಗಂಡ ಅಡುಗೆಮನೆಯ ಕೆಲಸವನ್ನು ಕಲಿಯಲಿ. ಹೆಂಡತಿ ಬ್ಯಾಂಕಿಗೆ ಹೋಗಿಬರಲಿ. ಮೇನ್ ಸ್ವಿಚ್ಚು, ನೀರಿನ ವಾಲ್ವು, ವೈದ್ಯರ ಫೋನ್ ಸಂಖ್ಯೆ, ಔಷಧದ ಚೀಟಿ ಎಲ್ಲೆಲ್ಲಿವೆಯೆಂದು ಇಬ್ಬರಿಗೂ ತಿಳಿದಿರಲಿ. ಕಲಿಯುವಾಗ ಸ್ವಲ್ಪ ಅನ್ನ ಸೀಯಬಹುದು, ಒಂದು ಚೆಕ್ಕು ಹಾಳಾಗಬಹುದು. ತಾಳಿದವನು ಬಾಳಿಯಾನು. ಕಲಿಸುವವರು ಎದುರಿಗಿರುವಾಗಲೇ ಕಲಿತುಬಿಡುವುದು ಮೇಲು.

(ಬಾನುಲಿ ಭಾಷಣ)